ಕಾಲಿನಲ್ಲಿ ಉಬ್ಬಿದ ನರಗಳು: ಮನೆಮದ್ದು ಎಲ್ಲಿಯವರೆಗೆ?

ಹಾನಗಲ್ ತಾಲೂಕಿನ ಗದ್ದೆಗಳಲ್ಲಿ ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚುವವರು, ಸವಣೂರಿನ ಎಲೆಬಳ್ಳಿ ತೋಟಗಳಲ್ಲಿ ದುಡಿಯುವವರು, ಶಿಗ್ಗಾಂವಿ ಕಡೆಯ ಮೆಣಸಿನಕಾಯಿ ಹೊಲಗಳಲ್ಲಿ, ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿಯ ಹೊಲಗಳಲ್ಲಿ ಕೂಲಿ ಮಾಡುವವರು, ಶಾಲೆಯಲ್ಲಿ ಹಲಗೆಯ ಮುಂದೆ ನಿಲ್ಲುವ ಶಿಕ್ಷಕಿಯರು, ಇಡೀ ದಿನ ಒಲೆಯ ಮುಂದೆ ನಿಂತು ಮನೆಮಂದಿಗೆಲ್ಲ ಅಡುಗೆ ಮಾಡುವ ತಾಯಂದಿರು. ಇವರ ಕೆಲಸಗಳು ಬೇರೆ ಬೇರೆ. ಆದರೆ ದಿನದ ಬಹುಪಾಲು ನಿಂತೇ ಕಳೆಯುವುದು ಎಲ್ಲರಿಗೂ ಸಮಾನ. ಅವರಲ್ಲಿ ಅನೇಕರ ದೂರು ಕೂಡ ಒಂದೇ. ಸಂಜೆಯಾಗುತ್ತಲೇ ಕಾಲು ಭಾರವಾಗುತ್ತದೆ, ಮೀನಖಂಡ ಸೆಳೆಯುತ್ತದೆ, ಹರಡಿನ ಸುತ್ತ ಬಾವು ಬರುತ್ತದೆ. ಮೊಣಕಾಲಿನ ಹಿಂದೆ ನೀಲಿ ಬಣ್ಣದ ಸುರುಳಿಗಳು ಕಾಣಿಸಿಕೊಳ್ಳುತ್ತವೆ. ಮಗಳು ನೋಡಿ ಗಾಬರಿಯಾದರೆ, "ಇರ್ಲಿ ಬಿಡು ಬೇಟಾ, ನಾಲ್ಕು ಹಡದಾಕಿಗೆ ಕಾಲಿನ ನರ ಉಬ್ಬೂದು ಇದ್ದದ್ದ" ಎಂದು ಅಮ್ಮ ಸೆರಗು ಎಳೆದುಕೊಳ್ಳುತ್ತಾರೆ.

ಹೀಗೆ ಮುಚ್ಚಿಟ್ಟ ಕಾಲು ಎಷ್ಟೋ ವರ್ಷಗಳ ನಂತರ ವಾಸಿಯಾಗದ ಹುಣ್ಣಿನೊಂದಿಗೆ ವೈದ್ಯರ ಮುಂದೆ ಬರುತ್ತದೆ. ಅಷ್ಟರೊಳಗೆ ಎಣ್ಣೆ, ಲೇಪ, ಕಷಾಯ, ಟಾನಿಕ್ ಎಲ್ಲವೂ ಮುಗಿದಿರುತ್ತವೆ. ಮನೆಮದ್ದು ಕೆಟ್ಟದ್ದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಯಾವ ಮನೆಮದ್ದು ನಿಜಕ್ಕೂ ಉಪಕಾರಿ, ಯಾವುದು ಕೇವಲ ಸಮಾಧಾನ, ಯಾವುದು ಅಪಾಯ ಎಂದು ಗುರುತಿಸಲು ಒಂದು ಸರಳ ಅಳತೆಗೋಲು ಬೇಕು. ರೋಗ ಏನೆಂದು ತಿಳಿದರೆ ಆ ಅಳತೆಗೋಲು ತಾನಾಗಿಯೇ ಸಿಗುತ್ತದೆ.

ಇದು ನರವಲ್ಲ, ರಕ್ತನಾಳ

ನಮ್ಮ ಆಡುಮಾತಿನ ಒಂದು ತೊಡಕನ್ನು ಮೊದಲು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ 'ನರ' ಎಂದರೂ ಉರ್ದು ಮನೆಗಳಲ್ಲಿ 'ನಸ್' ಎಂದರೂ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು. ಮಿದುಳಿನಿಂದ ಸಂದೇಶ ಒಯ್ಯುವ ತಂತಿಯೂ ನರ, ಚರ್ಮದ ಕೆಳಗೆ ನೀಲಿಯಾಗಿ ಕಾಣುವ ರಕ್ತನಾಳವೂ ನರ. ಆದ್ದರಿಂದಲೇ ಕಾಲಿನಲ್ಲಿ ಉಬ್ಬಿದ್ದನ್ನು 'ನರದ ನಿಶ್ಶಕ್ತಿ' ಎಂದು ತಿಳಿದು ಶಕ್ತಿಯ ಗುಳಿಗೆ, ಟಾನಿಕ್, ಇಂಜೆಕ್ಷನ್ ತೆಗೆದುಕೊಳ್ಳುವವರು ಬಹಳ. ಉಬ್ಬಿರುವುದು ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಶಾಲೆಯ ಪುಸ್ತಕದಲ್ಲಿ ಇದನ್ನು ಅಭಿಧಮನಿ ಎಂದು ಓದಿದ್ದೇವೆ. ಈ ತೊಂದರೆಯನ್ನು ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ನರಕ್ಕೆ ಕೊಡುವ ಟಾನಿಕ್ಕಿನಿಂದ ಇದು ಇಳಿಯುವುದಿಲ್ಲ.

ಹೃದಯದಿಂದ ಕಾಲಿಗೆ ರಕ್ತ ಇಳಿಯುವುದು ಸುಲಭ. ಪಾದದಿಂದ ಎದೆಯವರೆಗೆ ಮತ್ತೆ ಮೇಲೇರುವುದು ಕಷ್ಟ. ಅದಕ್ಕಾಗಿ ಅಲ್ಲಾಹನು ಕಾಲಿನಲ್ಲಿ ಎರಡು ಏರ್ಪಾಡುಗಳನ್ನು ಇಟ್ಟಿದ್ದಾನೆ. ಒಂದು, ಮೀನಖಂಡದ ಸ್ನಾಯು. ನಾವು ನಡೆಯುವಾಗ ಅದು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದು, ನಾಳದೊಳಗಿನ ಪುಟ್ಟ ಕವಾಟಗಳು. ಇವು ಒಂದೇ ದಿಕ್ಕಿಗೆ ತೆರೆಯುವ ಬಾಗಿಲುಗಳಂತೆ ಏರಿದ ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ನಾಳದ ಗೋಡೆ ಸಡಿಲಾಗಿ ಈ ಬಾಗಿಲುಗಳು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗೆ ಜಾರಿ ನಿಲ್ಲುತ್ತದೆ. ನಿಂತ ರಕ್ತದ ಒತ್ತಡಕ್ಕೆ ನಾಳ ಹಿಗ್ಗಿ, ಉದ್ದವಾಗಿ, ಹಾವಿನಂತೆ ಸುತ್ತಿಕೊಳ್ಳುತ್ತದೆ. 3 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲವಾಗಿ ಉಬ್ಬಿದ ನಾಳವನ್ನು ವೆರಿಕೋಸ್ ಎಂದು ಕರೆಯುತ್ತಾರೆ. ಜೇಡರ ಬಲೆಯಂತೆ ಕೆಂಪಗೆ ಇಲ್ಲವೇ ನೇರಳೆಯಾಗಿ ಹರಡಿದ ಎಳೆಗಳು 1 ಮಿಲಿಮೀಟರಿಗಿಂತ ಸಣ್ಣವು. ಅವು ಸಾಮಾನ್ಯವಾಗಿ ಕಣ್ಣಿಗಷ್ಟೇ ತೊಂದರೆ, ದೇಹಕ್ಕೆ ಅಪಾಯವಲ್ಲ. ಆದರೆ ಅವುಗಳ ಜೊತೆಗೆ ಬಾವು, ನೋವು, ಹರಡಿನ ಬಳಿ ಚರ್ಮ ಕಪ್ಪಾಗುವುದು ಇದ್ದರೆ ತೋರಿಸಿಕೊಳ್ಳಬೇಕು.

ಈಗ ಅಳತೆಗೋಲು ಸಿಕ್ಕಿತು. ಯಾವುದೇ ಮದ್ದಿನ ಮುಂದೆ ಒಂದು ಪ್ರಶ್ನೆ ಇಡಿ: ಕಾಲಿನಲ್ಲಿ ನಿಂತ ರಕ್ತ ಮೇಲೇರಲು ಇದು ನೆರವಾಗುತ್ತದೆಯೇ?

ಹಳೆಯ ಹಕೀಮರು ಕಂಡದ್ದು

ಈ ರೋಗ ಹೊಸದೇನಲ್ಲ. ಅರಬಿ ವೈದ್ಯಗ್ರಂಥಗಳಲ್ಲಿ ಇದರ ಹೆಸರು 'ದವಾಲಿ'. ದ್ರಾಕ್ಷಿಯ ಬಳ್ಳಿಗಳಿಗೂ ಅರಬಿಯಲ್ಲಿ ಇದೇ ಮಾತು. ಕಾಲಿನ ಮೇಲೆ ಬಳ್ಳಿ ಹಬ್ಬಿದಂತೆ ಕಾಣುವುದರಿಂದ ಆ ಹೆಸರು ಒಪ್ಪುವಂತಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಅಲ್ ಕಾನೂನ್' ಗ್ರಂಥದಲ್ಲಿ ಇದನ್ನು ವಿವರಿಸುತ್ತಾ, ಹೊರೆ ಹೊರುವವರಲ್ಲಿ ಮತ್ತು ಅರಸರ ಮುಂದೆ ಬಹಳ ಹೊತ್ತು ನಿಲ್ಲುವವರಲ್ಲಿ ಇದು ಹೆಚ್ಚೆಂದು ಗುರುತಿಸಿದ್ದಾನೆ. ಅದೇ ಕಾಲದ ಸ್ಪೇನಿನ ಶಸ್ತ್ರವೈದ್ಯ ಅಝ್ಝಹ್ರಾವಿ ಉಬ್ಬಿದ ನಾಳವನ್ನು ಸೀಳಿ ಹೊರತೆಗೆಯುವ ವಿಧಾನವನ್ನು ಬರೆದಿಟ್ಟಿದ್ದಾನೆ. ನಾಳದೊಳಗಿನ ಕವಾಟಗಳ ಸಂಗತಿ ಮಾತ್ರ ಅವರಿಗೆ ತಿಳಿದಿರಲಿಲ್ಲ. ಇಟಲಿಯ ಪಾದುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಕವಾಟಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ರಕ್ತ ದೇಹದಲ್ಲಿ ಸುತ್ತುತ್ತದೆ, ಕವಾಟಗಳು ಅದನ್ನು ಹೃದಯದ ಕಡೆಗೇ ಬಿಡುತ್ತವೆ ಎಂದು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದ.

ಕಾರಣಗಳು ಯಾವುವು?

ತಾಯಿ ಅಥವಾ ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ವಯಸ್ಸಾದಂತೆ ನಾಳದ ಬಿಗಿ ಕಡಿಮೆಯಾಗುತ್ತದೆ. ಬೊಜ್ಜು ಹೊಟ್ಟೆಯ ಭಾಗದ ಒತ್ತಡವನ್ನು ಹೆಚ್ಚಿಸುತ್ತದೆ. ದೀರ್ಘಕಾಲ ಒಂದೇ ಕಡೆ ನಿಲ್ಲುವ ಅಥವಾ ಕೂರುವ ಕೆಲಸದಲ್ಲಿ ಮೀನಖಂಡಕ್ಕೆ ಚಲನೆಯಿಲ್ಲದೆ ರಕ್ತ ನಿಲ್ಲುತ್ತದೆ. ಹಿಂದೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದರಿಂದಲೂ ಕವಾಟಗಳು ಹಾಳಾಗಬಹುದು.

ಮಹಿಳೆಯರಲ್ಲಿ ದೊಡ್ಡ ಕಾರಣ ಬಸಿರು. ಆಗ ತಾಯಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಿನವರೆಗೆ ಏರುತ್ತದೆ. ಹಾರ್ಮೋನುಗಳು ನಾಳದ ಗೋಡೆಯನ್ನು ಸಡಿಲಿಸುತ್ತವೆ. ಬೆಳೆದ ಗರ್ಭಕೋಶ ಸೊಂಟದ ನಾಳಗಳನ್ನು ಒತ್ತುತ್ತದೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳ ಮಂದಿಗೆ ಈ ಉಬ್ಬು ತಗ್ಗುತ್ತದೆ, ಆದರೆ ಪ್ರತಿ ಬಸಿರಿನೊಂದಿಗೆ ಹೆಚ್ಚುವ ಸಂಭವವಿದೆ. ಗರ್ಭಿಣಿ ಸೊಸೆ ಕಾಲು ನೋವೆಂದರೆ ಅದನ್ನು ಸೋಮಾರಿತನ ಎನ್ನಬೇಡಿ. ಎಡಮಗ್ಗುಲಿಗೆ ಮಲಗಲಿ, ನಡುನಡುವೆ ಕಾಲು ಎತ್ತಿಟ್ಟುಕೊಳ್ಳಲಿ.

ಬಾಣಂತನದ ಬಗ್ಗೆಯೂ ಒಂದು ಮಾತು. ನಲ್ವತ್ತು ದಿನ ಬಾಣಂತಿಯನ್ನು ಹಾಸಿಗೆಯಿಂದ ಏಳಗೊಡದ ಮನೆಗಳಿವೆ. ಹೆರಿಗೆಯ ನಂತರದ ಆರು ವಾರಗಳಲ್ಲೇ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ವಿಶ್ರಾಂತಿ ಬೇಕು, ನಿಜ. ಆದರೆ ಮನೆಯೊಳಗೆ ಮೆಲ್ಲಗೆ ಓಡಾಡುವುದೂ ಅಷ್ಟೇ ಅಗತ್ಯ.

ನಿಜವಾಗಿ ನೆರವಾಗುವ ಮನೆಮದ್ದು

ಅಂಗಡಿಯಲ್ಲಿ ಸಿಗದ, ಹಣ ಬೇಡದ ಕೆಲವು ಉಪಾಯಗಳಿವೆ. ಇವು ಹಾಳಾದ ಕವಾಟವನ್ನು ಸರಿಪಡಿಸುವುದಿಲ್ಲ, ಆದರೆ ಭಾರ, ನೋವು, ಬಾವುಗಳನ್ನು ತಗ್ಗಿಸುತ್ತವೆ.

ನಡಿಗೆ: ದಿನಕ್ಕೆ ಅರ್ಧ ಗಂಟೆ ನಡೆಯಿರಿ. ನಿಂತೇ ದುಡಿಯುವವರು ನಡುನಡುವೆ ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ನಿಂತು ಇಳಿಯಿರಿ. ಇಪ್ಪತ್ತು ಸಲ ಸಾಕು. ಕೂತು ಮೆಣಸಿನಕಾಯಿ ತುಂಬು ಬಿಡಿಸುವವರು, ಹೊಲಿಗೆ ಮಾಡುವವರು ಅರ್ಧ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಿ, ಎದ್ದು ನಾಲ್ಕು ಹೆಜ್ಜೆ ಹಾಕಿ.

ಕಾಲು ಎತ್ತಿಡುವುದು: ಮಲಗಿ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ಎರಡು ಮೂರು ದಿಂಬಿನ ಮೇಲೆ ಇಡಿ. ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಸ್ಟೂಲಿನ ಮೇಲೆ ಕಾಲಿಟ್ಟು ಕೂತರೆ ಇಷ್ಟು ಪ್ರಯೋಜನವಿಲ್ಲ, ಎದೆಗಿಂತ ಎತ್ತರವೇ ಮುಖ್ಯ. ರಮಝಾನಿನಲ್ಲಿ ಸಹರಿ, ಇಫ್ತಾರ್ ಎರಡಕ್ಕೂ ತಾಸುಗಟ್ಟಲೆ ಒಲೆಯ ಮುಂದೆ ನಿಲ್ಲುವ ತಾಯಿಗೆ ಅಸರ್‌ಗೆ ಮೊದಲು ಇಷ್ಟು ಬಿಡುವು ಕೊಡಿಸುವುದು ಮನೆಯವರ ಹೊಣೆ. ತರಕಾರಿ ಹೆಚ್ಚುವುದನ್ನು ಕೂತು ಮಾಡಬಹುದು. ಪಾತ್ರೆ ತೊಳೆಯಲು ಗಂಡುಮಕ್ಕಳೂ ಕಲಿಯಲಿ.

ತೂಕ ಮತ್ತು ಊಟ: ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯ, ಪುಂಡಿಯಂಥ ಸೊಪ್ಪುಗಳು ನಮ್ಮ ಭಾಗದ ಊಟ. ಇವುಗಳ ನಾರು ಮಲಬದ್ಧತೆಯನ್ನು ತಡೆಯುತ್ತದೆ. ತಿಣುಕುವಾಗ ಹೊಟ್ಟೆಯ ಒತ್ತಡ ಏರಿ ಕಾಲಿನ ರಕ್ತಕ್ಕೆ ತಡೆಯಾಗುತ್ತದೆ. ಉಪ್ಪಿನಕಾಯಿ, ಖಾರ, ಚೂಡಾ ಮಿತವಾಗಿರಲಿ. ಹೆಚ್ಚು ಉಪ್ಪು ಬಾವನ್ನು ಹೆಚ್ಚಿಸುತ್ತದೆ.

ಚರ್ಮದ ಆರೈಕೆ: ಒಣಗಿ ತುರಿಸುವ ಚರ್ಮಕ್ಕೆ ತೆಂಗಿನೆಣ್ಣೆ ಸವರಿ. ಕೆರೆದ ಗಾಯವೇ ಹುಣ್ಣಿಗೆ ಮೊದಲ ಮೆಟ್ಟಿಲು. ಎಣ್ಣೆ ಚರ್ಮವನ್ನು ಕಾಯುತ್ತದೆ, ಒಳಗಿನ ನಾಳವನ್ನು ಮುಟ್ಟುವುದಿಲ್ಲ.

ಒತ್ತುವ ಕಾಲುಚೀಲ: ಔಷಧ ಅಂಗಡಿಯಲ್ಲಿ ಸಿಗುವ ಈ ಚೀಲ ಹರಡಿನ ಬಳಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗಿರುತ್ತದೆ. ಅದರಿಂದಲೇ ರಕ್ತ ಮೇಲಕ್ಕೆ ಒತ್ತಲ್ಪಡುತ್ತದೆ. ಬೆಳಿಗ್ಗೆ ಬಾವು ಬರುವ ಮೊದಲೇ ಹಾಕಿ, ರಾತ್ರಿ ಮಲಗುವಾಗ ತೆಗೆಯಬೇಕು. ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಇಳಿಯುವುದೇ ಕಡಿಮೆ ಇರುವವರು ವೈದ್ಯರನ್ನು ಕೇಳದೆ ಹಾಕಬಾರದು. ವುಝೂವಿನ ತೊಡಕಿನಿಂದ ಅನೇಕ ಸಹೋದರಿಯರು ಇದನ್ನು ಬಿಟ್ಟುಬಿಡುತ್ತಾರೆ. ಫಜ್ರ್‌ನ ವುಝೂ ಮುಗಿಸಿ ಚೀಲ ಹಾಕಿಕೊಳ್ಳಿ. ಝುಹರ್‌ಗೆ ತೆಗೆದರೆ ನಮಾಝಿನ ನಂತರ ಹತ್ತು ಹದಿನೈದು ನಿಮಿಷ ಕಾಲು ಎತ್ತಿಟ್ಟು ಮಲಗಿ ಮತ್ತೆ ಹಾಕಿ. ಹುಣ್ಣಿಗೆ ಪಟ್ಟಿ ಕಟ್ಟಿದವರಿಗೆ ಪಟ್ಟಿಯ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ಫಿಕ್‌ಹ್‌ನಲ್ಲಿದೆ. ನಿಮ್ಮ ಸ್ಥಿತಿಗೆ ಅದು ಹೇಗೆ ಅನ್ವಯವಾಗುತ್ತದೆಂದು ವೈದ್ಯರ ಸಲಹೆಯನ್ನು ತಿಳಿಸಿ ಊರಿನ ಆಲಿಮರಲ್ಲಿ ಕೇಳಿ. ಧರ್ಮವು ಸುಲಭ ಮಾಡಿಕೊಟ್ಟಿರುವಾಗ ಕಾಲನ್ನು ಕಳೆದುಕೊಳ್ಳಬೇಕಾಗಿಲ್ಲ.

ಗಿಡಮೂಲಿಕೆಗಳ ಮಾತು

ಹಾನಗಲ್ಲಿನಂಥ ಅರೆಮಲೆನಾಡಿನ ತೇವದ ಬದುಗಳಲ್ಲಿ ಒಂದೆಲಗ ಬೆಳೆಯುತ್ತದೆ. ಅದರ ಸಾರದಿಂದ ಕಾಲಿನ ಬಾವು, ಭಾರ ತಗ್ಗುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿವೆ. ಚಟ್ನಿ, ತಂಬುಳಿಯಾಗಿ ತಿನ್ನುವುದು ಒಳ್ಳೆಯದೇ, ಆದರೆ ಅಷ್ಟರಿಂದ ಉಬ್ಬಿದ ನಾಳ ಇಳಿಯುತ್ತದೆಂದು ನಂಬಿ ಕೂರಬೇಡಿ. ಯುರೋಪಿನಲ್ಲಿ ಕುದುರೆ ಚೆಸ್ಟ್‌ನಟ್ ಎಂಬ ಮರದ ಬೀಜದ ಸಾರವನ್ನು ಇದಕ್ಕೆ ಬಳಸುತ್ತಾರೆ. ಅಲ್ಪಕಾಲ ನೋವು, ಬಾವು ತಗ್ಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಆ ಬೀಜ ಹಸಿಯಾಗಿ ವಿಷ. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಯಾವುದೇ ಮೂಲಿಕೆಯ ಗುಳಿಗೆಯನ್ನು ವೈದ್ಯರಿಗೆ ಹೇಳದೆ ಸೇವಿಸಬಾರದು.

ಇವುಗಳಿಂದ ದೂರವಿರಿ

ಕಾಲು ಸೆಳೆತಕ್ಕೆ ಮೊಣಕಾಲಿನ ಕೆಳಗೆ ದುಪಟ್ಟಾ ಅಥವಾ ಬಟ್ಟೆಯನ್ನು ಬಿಗಿದು ಕಟ್ಟುವ ರೂಢಿ ನಮ್ಮಲ್ಲಿದೆ. ನಮ್ಮ ಅಳತೆಗೋಲು ಇಲ್ಲಿ ಹಿಡಿಯಿರಿ: ಮೇಲೇರುವ ರಕ್ತಕ್ಕೆ ಇದು ಅಡ್ಡಗಟ್ಟೆ. ಪಟ್ಟಿ ಸುತ್ತುವುದಾದರೆ ಪಾದದಿಂದ ಆರಂಭಿಸಿ ಮೊಣಕಾಲಿನವರೆಗೆ ಸುತ್ತಬೇಕು, ಕೆಳಗೆ ಬಿಗಿ, ಮೇಲೆ ಸಡಿಲ.

ಕುದಿಯುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟರೆ ಆ ಕ್ಷಣಕ್ಕೆ ಹಿತ. ಆದರೆ ಬಿಸಿಗೆ ನಾಳಗಳು ಇನ್ನಷ್ಟು ಹಿಗ್ಗುತ್ತವೆ. ತಣ್ಣೀರು ಎರಚಿಕೊಳ್ಳುವುದೇ ಮೇಲು. ಬೆಳ್ಳುಳ್ಳಿ ಅರೆದು ಕಟ್ಟಿದರೆ, ಸುಣ್ಣ ಹಚ್ಚಿದರೆ ಚರ್ಮ ಸುಟ್ಟು ಗುಳ್ಳೆ ಏಳಬಹುದು. ಇಂತಹ ಕಾಲಿನಲ್ಲಿ ಗಾಯ ಬೇಗ ಮಾಯುವುದಿಲ್ಲ. ನಾಳ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ನೋಯುತ್ತಿದ್ದರೆ ಅದರ ಮೇಲೆ ಔಡಲೆಣ್ಣೆ ಹಾಕಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ.

ಹಿಜಾಮದ ಬಗ್ಗೆ ಅನೇಕರು ಕೇಳುತ್ತಾರೆ. ಹಿಜಾಮದ ಮಹತ್ವ ಬೇರೆ ವಿಷಯ. ಆದರೆ ಉಬ್ಬಿದ ನಾಳದ ಮೇಲೆಯೇ ಕಪ್ಪು ಇಟ್ಟು ಗೀರುವುದು ಸಲ್ಲದು. ಒತ್ತಡದಲ್ಲಿರುವ ನಾಳ ಧಾರಾಕಾರ ರಕ್ತ ಸುರಿಸಬಹುದು, ಗೀರಿದ ಜಾಗ ಹುಣ್ಣಾಗಬಹುದು. ತರಬೇತಿ ಪಡೆದ ಹಿಜಾಮ ಮಾಡುವವರು ಅಂತಹ ನಾಳಗಳನ್ನು ಬಿಟ್ಟೇ ಮಾಡುತ್ತಾರೆ. ಹಾಗೆ ಬಿಡದವರಿಂದ ಮಾಡಿಸಬೇಡಿ. ರಕ್ತ ತೆಗೆದ ಮಾತ್ರಕ್ಕೆ ಹಾಳಾದ ಕವಾಟ ಮುಚ್ಚಿಕೊಳ್ಳುವುದೂ ಇಲ್ಲ.

ತಡಮಾಡಬಾರದ ಲಕ್ಷಣಗಳು

ಒಳಹರಡಿನ ಮೇಲ್ಭಾಗದ ಚರ್ಮ ಕಂದು ಅಥವಾ ಕಪ್ಪಾಗುವುದು, ಗಟ್ಟಿಯಾಗುವುದು, ಬಿಡದ ತುರಿಕೆ, ಎರಡು ವಾರ ಕಳೆದರೂ ಮಾಯದ ಗಾಯ. ಇವು ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣಗಳು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಟದ ತೊಂದರೆ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಿ ಓಡಾಡಬೇಡಿ. ತಕ್ಷಣ ನೆಲದ ಮೇಲೆ ಮಲಗಿಸಿ, ಕಾಲನ್ನು ಎತ್ತಿ ಹಿಡಿದು, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ. ಮೇಲೆ ಹಗ್ಗ, ಬಟ್ಟೆ ಬಿಗಿಯಬೇಡಿ. ನಂತರ ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟು ತಿಳಿಯದೆ ಕೂರಿಸಿಕೊಂಡು ಕಾದರೆ ಪ್ರಾಣಕ್ಕೇ ಅಪಾಯವಾಗಬಹುದು.

ಚಿಕಿತ್ಸೆ ಎಲ್ಲಿ, ಹೇಗೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ತಾಲೂಕು ಆಸ್ಪತ್ರೆಗಳಿವೆ. ಮೊದಲು ಅಲ್ಲಿ ತೋರಿಸಿ. ಅಗತ್ಯವಿದ್ದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಅಥವಾ ಕಿಮ್ಸ್ ಎಂದೇ ಜನ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ನೋಡಬೇಕಾದ ವಿಭಾಗ ಶಸ್ತ್ರಚಿಕಿತ್ಸೆಯದು, ನರರೋಗದ್ದಲ್ಲ. ಡಾಪ್ಲರ್ ಎಂಬ ಸ್ಕ್ಯಾನಿನಿಂದ ಯಾವ ಕವಾಟ ಸೋರುತ್ತಿದೆ ಎಂದು ತಿಳಿಯುತ್ತದೆ. ಇದರಲ್ಲಿ ಸೂಜಿ ಇಲ್ಲ, ನೋವಿಲ್ಲ. ನಂತರ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಆ ನಾಳವನ್ನು ಒಳಗಿನಿಂದಲೇ ಮುಚ್ಚುವುದು, ನೊರೆಯಂಥ ಔಷಧ ಚುಚ್ಚುವುದು, ಶಸ್ತ್ರಕ್ರಿಯೆಯಿಂದ ತೆಗೆಯುವುದು ಮೊದಲಾದ ದಾರಿಗಳಿವೆ. ತೊಂದರೆ ಕೊಡುವ ನಾಳಗಳಿಗೆ ಇದೇ ಕ್ರಮದಲ್ಲಿ ಚಿಕಿತ್ಸೆ ನೀಡಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ.

"ನಾಳ ಮುಚ್ಚಿದರೆ ರಕ್ತ ಎಲ್ಲಿ ಹೋಗಬೇಕು?" ಎಂಬ ಭಯ ಸಹಜ. ಕಾಲಿನ ರಕ್ತದ ಹೆಚ್ಚಿನ ಪಾಲು ಸ್ನಾಯುಗಳ ನಡುವಿನ ಒಳನಾಳಗಳಲ್ಲೇ ಮೇಲೇರುತ್ತದೆ. ಕೆಟ್ಟ ಹೊರನಾಳ ಮುಚ್ಚಿದರೆ ರಕ್ತ ಒಳ್ಳೆಯ ದಾರಿ ಹಿಡಿಯುತ್ತದೆ.

ಹುಣ್ಣಾದವರಂತೂ ಕಾಯಲೇಬಾರದು. ಹುಣ್ಣಿರುವ 450 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪಿಗೆ ಒತ್ತುಪಟ್ಟಿ ಕಟ್ಟಲಾಗಿತ್ತು. ಜೊತೆಗೆ ನಾಳಕ್ಕೂ ಬೇಗ ಚಿಕಿತ್ಸೆ ಪಡೆದ ಗುಂಪಿನಲ್ಲಿ ಅರ್ಧದಷ್ಟು ಮಂದಿಯ ಹುಣ್ಣು 56 ದಿನಗಳೊಳಗೆ ಮಾಯಿತು. ನಾಳದ ಚಿಕಿತ್ಸೆಯನ್ನು ಮುಂದೂಡಿದ ಗುಂಪಿನಲ್ಲಿ ಅದಕ್ಕೆ 82 ದಿನ ಬೇಕಾಯಿತು.

ಖರ್ಚಿನ ಚಿಂತೆಯೂ ಇರುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ದು, ನಿಮ್ಮ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ನಾಚಿಕೆಯ ಗೋಡೆ

ಇಷ್ಟೆಲ್ಲ ಇದ್ದೂ ನಮ್ಮ ಸಹೋದರಿಯರು ತಡಮಾಡಲು ಮುಖ್ಯ ಕಾರಣ ಸಂಕೋಚ. ಮೊಣಕಾಲಿನವರೆಗೆ ಬಟ್ಟೆ ಸರಿಸಿ ತೋರಿಸಬೇಕಲ್ಲ ಎಂಬ ಅಳುಕು. ಲಜ್ಜೆ ಒಳ್ಳೆಯ ಗುಣ. ಆದರೆ ಅಗತ್ಯವಿರುವಾಗ, ಅಗತ್ಯವಿರುವಷ್ಟೇ ಭಾಗವನ್ನು ಚಿಕಿತ್ಸೆಗಾಗಿ ತೋರಿಸಲು ಶರೀಅತ್ ಅನುಮತಿಸುತ್ತದೆ. ವೈದ್ಯೆ ಸಿಕ್ಕರೆ ಅವರಲ್ಲಿಗೆ ಹೋಗಿ. ಸಿಗದಿದ್ದರೆ ಗಂಡ, ಅಣ್ಣತಮ್ಮ ಅಥವಾ ಮಗನನ್ನು ಜೊತೆಗೆ ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ. ಹರಡಿನಲ್ಲಿ ಹುಣ್ಣಾಗಿ ನಿತ್ಯ ಪಟ್ಟಿ ಬದಲಿಸುವ ಸ್ಥಿತಿ ಬಂದರೆ ಅದೇ ಕಾಲನ್ನು ಹತ್ತು ಮಂದಿಯ ಮುಂದೆ ಹತ್ತು ಸಲ ತೋರಿಸಬೇಕಾಗುತ್ತದೆ. ನಿಂತು ನಮಾಝ್ ಮಾಡಲು ಆಗದವರು ಕೂತು ಮಾಡಬಹುದು, ಆ ರಿಯಾಯಿತಿಯೂ ಇದೆ. ಆದರೆ ಕಾಲು ಗುಣವಾಗುವ ದಾರಿ ಇರುವಾಗ ಅದನ್ನು ಹಿಡಿಯುವುದೇ ಮೇಲು.

ಗಂಡಂದಿರಿಗೆ, ಗಂಡುಮಕ್ಕಳಿಗೆ ಒಂದು ಮಾತು. ತಾಯಿಯಾಗಲಿ ಹೆಂಡತಿಯಾಗಲಿ ತಾವಾಗಿ ಹೇಳಲಾರರು. ಸಂಜೆ ಅವರು ಗೋಡೆಗೊರಗಿ ಕಾಲು ಒತ್ತಿಕೊಳ್ಳುತ್ತಿದ್ದರೆ ನೀವೇ ಕೇಳಿ. ಎರಡು ದಿಂಬು ತಂದು ಕಾಲಿನ ಕೆಳಗಿಡಿ, ಉಳಿದ ರೊಟ್ಟಿ ನೀವು ಬೇಯಿಸಿ, ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಡೀ ಮನೆಯ ಭಾರ ಹೊತ್ತು ನಿಂತ ಕಾಲುಗಳಿಗೆ ಸಲ್ಲಬೇಕಾದ ಹಕ್ಕು ಇದು.